ಫ್ರಿಜ್ಜಿನ ಶ್ರುತಿ

ಮಾರ್ಚ್ ೧೪, ಗುರುವಾರ

ಇಲ್ಲ, ಬದಲಾಯಿಸುವುದಿಲ್ಲ. ಇಷ್ಟು ಬರೆದ ಮೇಲೆ ಸ್ವಲ್ಪ ಉಸಿರು ಬಂತು.

ನಮ್ಮ ಆಲ್ಬಂನ ಎಂಟು ಹಾಡುಗಳೂ ಶ್ರುತಿಯಲ್ಲಿಲ್ಲವೆಂದು ಮಿಕ್ಸಿಂಗ್ ಮಾಡುವವರು ಇವತ್ತು ಫೋನಿನಲ್ಲಿ ನಕ್ಕರು. "ಎಲ್ಲಾ ಕಾಲು ಸ್ವರ ಕೆಳಗಿದೆ ಮೇಡಂ. ಸರಿ ಮಾಡಿ ಕಳ್ಸಿದೀನಿ. ಹೀಗಿದ್ರೆ ಮಾತ್ರ ಆಡಿಯೊ ಕಂಪನಿ ತಗೊಳ್ಳತ್ತೆ."

ಕೆಳಗಿದೆಯೆಂದು ನಮಗೆ ಗೊತ್ತಿಲ್ಲವೇ? ಹಾಡು ಕಟ್ಟಿದ್ದೇ ಅಡುಗೆಮನೆಯಲ್ಲಿ. ಅಲ್ಲಿನ ಹಳೆಯ ಫ್ರಿಜ್ಜಿನಲ್ಲಿ ಅಮ್ಮನ ಇನ್ಸುಲಿನ್ ಇರುವುದರಿಂದ ಅದನ್ನು ಆಫ್ ಮಾಡುವ ಹಾಗಿಲ್ಲ. ಅದರ ಗುಂಯ್ ಸದ್ದು ಪ್ರತಿ ರೆಕಾರ್ಡಿಂಗಿನಲ್ಲೂ ನುಸುಳುತ್ತಿತ್ತು. ಮೂರು ವಾರ ಕಂಬಳಿ ಹೊದಿಸಿ ಸೋತ ಮೇಲೆ, ಹಗಲು ಬಸ್ಸು ಓಡಿಸಿ ಸಂಜೆ ನಮಗೆ ಕೀಬೋರ್ಡ್ ನುಡಿಸುವ ಡ್ರೈವರಣ್ಣ ಹೇಳಿದ: "ಅದು ನಮ್ಮ ಮಾತು ಕೇಳಲ್ಲ. ನಾವೇ ಅದರ ಮಾತು ಕೇಳೋಣ." ಕೀಬೋರ್ಡು, ಸಿಂಥ್‌ಗಳನ್ನೆಲ್ಲ ಫ್ರಿಜ್ಜಿಗೇ ಶ್ರುತಿ ಮಾಡಿಕೊಂಡೆವು.

ಸಂಜೆ ನಾನು, ತಮ್ಮ, ಡ್ರೈವರಣ್ಣ ಮೂವರೂ ಅಡುಗೆಮನೆಯಲ್ಲೇ ಕೂತು ಆ ಸರಿಪಡಿಸಿದ್ದನ್ನು ಕೇಳಿದೆವು. ಚೊಕ್ಕವಾಗಿಯೇ ಇತ್ತು. ಫ್ರಿಜ್ ಮಾತ್ರ ಅದರ ಜೊತೆ ಜಗಳಕ್ಕೆ ನಿಂತಂತೆ ಗುರುಗುಡುತ್ತಿತ್ತು. "ಒಪ್ಕೊಂಡ್ಬಿಡೋಣ ಅಕ್ಕ, ಯಾರಿಗೆ ಗೊತ್ತಾಗತ್ತೆ?" ಅಂದ ತಮ್ಮ.

ಪಕ್ಕದ ಕೋಣೆಯಿಂದ ಅಮ್ಮ ಕೂಗಿದಳು: "ಯಾರದ್ದೋ ಹಾಡು ಹಾಕ್ಕೊಂಡು ಕೂತಿದೀರಲ್ರೋ, ನಿಮ್ದು ಹಾಕಿ!"

ಆಮೇಲೆ ತಮ್ಮನೇ ಮಿಕ್ಸಿಂಗ್‌ನವರಿಗೆ ಫೋನ್ ಮಾಡಿ, ಹಳೆಯದೇ ಇರಲಿ ಎಂದ.

ಕಂಪನಿಗೆ ಬೇಡವಾದರೆ ಬೇಡ. ಮನೆಗೆ ಹೊಸ ಫ್ರಿಜ್ ಕೊಡಿಸುತ್ತೇನೆ ಎಂದು ಸೋದರಮಾವ ಬೇರೆ ಹಟ ಹಿಡಿದಿದ್ದಾರೆ. ಅದನ್ನು ನಮ್ಮ ಹೊಸ್ತಿಲು ದಾಟಿಸಿ ನೋಡಲಿ.