ನಾಲ್ಕರಿಂದ ನಾಲ್ಕೂವರೆ

ಜೂನ್ 10, ಮಂಗಳವಾರ

ಮಂಗಳವಾರದ ಉಪವಾಸ. ನೀರು ಹಿಡಿದು, ಬಾಗಿಲು ತೊಳೆದು, ರಂಗೋಲಿ ಇಟ್ಟು, ದೇವರಿಗೆ ಹೂವೇರಿಸಿ ಹೊರಟಾಗ ಏಳು ಗಂಟೆ. ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಸಂಜೆವರೆಗೆ ಇಷ್ಟೇ.

ಅರೆಕೆರೆಯಲ್ಲಿ ಅಮ್ಮನ ಗುಡಿ ಮುಂದಿನ ರಸ್ತೆಗೆ ಡ್ಯೂಟಿ. ಎಷ್ಟು ಜನ ರಸ್ತೆ ದಾಟುತ್ತಾರೆ ಎಂದು ಎಣಿಸಿ, ಕಾಲು ಗಂಟೆಗೊಂದು ಕಾಲಂ ತುಂಬಬೇಕು. ಯಾವುದಾದರೂ ಒಂದು ಗಂಟೆಯಲ್ಲಿ ಇನ್ನೂರು ಜನ ದಾಟಿದರೆ ಜನರಿಗೆಂದೇ ಸಿಗ್ನಲ್ ಬರುತ್ತದೆ. ಇಲ್ಲದಿದ್ದರೆ ಇಲ್ಲ. ನಮ್ಮ ಟ್ರಾಫಿಕ್ ವಿಭಾಗದ ಲೆಕ್ಕ ಹಾಗೆ.

ನಮ್ಮ ಜೂನಿಯರ್ ಶಶಿಧರ್ ಬೈಕ್ ನಿಲ್ಲಿಸಿ ಮಾತಾಡಿಸಿ ಹೋದ. ಅವನ ಡ್ಯೂಟಿ ಮುಂದಿನ ಸರ್ಕಲ್‌ನಲ್ಲಿ. ಕೈಯಲ್ಲಿನ ಕೌಂಟರ್ ನಾನು ನಿಧಾನಕ್ಕೆ ಒತ್ತುತ್ತಿದ್ದೆನೋ ಏನೋ. "ಅಕ್ಕ, ನಿಮ್ಮ ಬೆರಳಿಗೂ ಉಪವಾಸನಾ?" ಅಂದ.

ನಾಲ್ಕಕ್ಕೆ ಪಕ್ಕದ ಮನೆ ಅಂಜನಮ್ಮ ಬಂದಳು. ಕೈಚೀಲದಲ್ಲಿ ನಿಂಬೆಹಣ್ಣು, ಎಣ್ಣೆ ಬಾಟ್ಲಿ.

"ಅದೇನೇ ಈಶ್ವರಿ, ಕೂತ್ಕೊಂಡು ಟಿಕ್ ಟಿಕ್ ಅಂತಿದೀಯ. ರಾಹುಕಾಲ ಮುಗಿಯೋಕೆ ಅರ್ಧ ಗಂಟೆ ಇದೆ, ಬಾ ದೀಪ ಹಚ್ಚೋಣ."

"ಡ್ಯೂಟಿ ಕಣೇ. ಇವತ್ತು ಪರ್ಮಿಷನ್ ಹಾಕೋ ಹಾಗಿಲ್ಲ."

"ಇಪ್ಪತ್ತು ವರ್ಷದಲ್ಲಿ ಒಂದು ಮಂಗಳವಾರ ತಪ್ಪಿಸಿದೀಯಾ? ಇವತ್ತು ತಪ್ಪಿಸಿದ್ರೆ ಅಮ್ಮ ನಿನ್ನ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೀತಾಳೆ ನೋಡು."

ಹೋದೆ. ಹತ್ತು ನಿಮಿಷ ಅಂದುಕೊಂಡಿದ್ದೆ. ದೀಪಕ್ಕೆ ಕ್ಯೂ ಇತ್ತು, ಮಂಗಳಾರತಿ ಆಯ್ತು. ವಾಪಸ್ ಬಂದಾಗ ನಾಲ್ಕೂವರೆ. ಎರಡು ಕಾಲಂ ಖಾಲಿ. ಹಿಂದಿನ ಕಾಲಂನಲ್ಲಿ ನಲವತ್ತೊಂದು ಇತ್ತು. ಎರಡಕ್ಕೂ ಅದನ್ನೇ ಬರೆದೆ.

ಕಣ್ಣಿಗೆ ಕಾಣದ್ದನ್ನು ಬರೆಯಬೇಡ ಎಂದು ಶಶಿಧರ್‌ಗೆ ಎಷ್ಟು ಸಲ ಹೇಳಿದ್ದೇನೆ. ಬೇಗೂರು ಶಾಲೆಯ ಎಸ್ಸೆಸ್ಸೆಲ್ಸಿ ಮೇಲೆ ಸೇರಿ, ಹದಿನೆಂಟು ವರ್ಷ ಸರ್ವಿಸು ಮಾಡಿ, ಸೀನಿಯರ್ ಟೆಕ್ನಿಷಿಯನ್ ಆದವಳು. ಒಂದು ದಿನವೂ ಹೀಗೆ ಮಾಡಿರಲಿಲ್ಲ. ಇರಲಿ. ಅರ್ಧ ಗಂಟೆಯಲ್ಲಿ ಏನು ಹೆಚ್ಚುಕಮ್ಮಿ ಆದೀತು.

ಜೂನ್ 26, ಗುರುವಾರ

ಅರೆಕೆರೆ ಸಿಗ್ನಲ್ ಬೇಡ ಎಂದು ಆಯಿತು. ನನ್ನ ಹಾಳೆಯಲ್ಲಿ ಅತಿ ಹೆಚ್ಚು ಜನ ದಾಟಿದ್ದು ಬೆಳಿಗ್ಗೆ ಎಂಟರಿಂದ ಒಂಬತ್ತು — ನೂರ ಎಂಬತ್ತನಾಲ್ಕು. ಹದಿನಾರು ಜನ ಕಮ್ಮಿ.

ಸಂಜೆ ಅಂಜನಮ್ಮ ಕಾಂಪೌಂಡಿನ ಆ ಕಡೆಯಿಂದ ಕೇಳಿದಳು. ಒಂದೇ ಗೋಡೆಯ ಅಕ್ಕಪಕ್ಕ ಬಾಳಿದವರು ನಾವು.

"ಸಿಗ್ನಲ್ ಏನಾಯ್ತೇ?"

"ಜನ ಸಾಲಲ್ವಂತೆ."

"ಇನ್ನೆಷ್ಟು ಜನ ಬೇಕಂತೆ? ನಿಮ್ಮ ಸಾಹೇಬ್ರು ಮಂಗಳವಾರ ದೀಪದ ಹೊತ್ತಿಗೆ ಬಂದು ನಿಂತ್ಕೊಳ್ಳಿ, ನಾನೇ ಕೈ ಹಿಡಿದು ದಾಟಿಸ್ತೀನಿ."

ನಕ್ಕಳು. ನನಗೆ ನಗು ಬರಲಿಲ್ಲ. ಆ ಎರಡು ಕಾಲಂ ಎದೆಯಲ್ಲಿ ಕೂತವು. ಮುಂದಿನ ವಾರ ಇನ್ನೊಂದು ಸಲ ಎಣಿಸಿ ಕೊಡಬೇಕು. ಯಾಕೆ ಎಂದು ಸಾಹೇಬರು ಕೇಳಿದರೆ… ಏನೋ ಒಂದು ಹೇಳಿದರಾಯಿತು.

ಜುಲೈ 8, ಮಂಗಳವಾರ

ಹೋದ ವಾರ ಆಗಲಿಲ್ಲ. ಇವತ್ತೂ ಇಲ್ಲ. ಜೆ.ಪಿ. ನಗರದಲ್ಲಿ ಸಿಗ್ನಲ್ ಕೆಟ್ಟಿತ್ತು, ಸಂಜೆವರೆಗೆ ಅಲ್ಲೇ. ಗುಡಿಗೂ ಹೋಗಲಾಗಲಿಲ್ಲ. ನನ್ನ ಹೆಸರಿನ ದೀಪವನ್ನೂ ಅಂಜನಮ್ಮನೇ ಹಚ್ಚಿ ಬಂದಳು. ಮುಂದಿನ ಮಂಗಳವಾರ ತಪ್ಪಿಸುವುದಿಲ್ಲ.

ಜುಲೈ 15, ಮಂಗಳವಾರ

ಅಂಜನಮ್ಮ ಹೋದಳು.

ಗುಡಿ ಮುಂದೆ. ನೀರಿನ ಟ್ಯಾಂಕರ್. ನಾಲ್ಕೂ ಹತ್ತಕ್ಕೆ.

ನಾನು ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ.

ಜುಲೈ 17, ಗುರುವಾರ

ಸಾವಾದ ಜಾಗದ ಅಳತೆ ತೆಗೆದು ನಕ್ಷೆ ಬರೆಯುವುದು ನಮ್ಮದೇ ಕೆಲಸ. ಬೇರೆಯವರನ್ನು ಕಳಿಸುತ್ತೇನೆ ಎಂದು ನಂದಕುಮಾರ್ ಸಾರ್ ಅಂದರು. ನಮ್ಮ ಎಂಜಿನಿಯರು. ಒಳ್ಳೆಯ ಮನುಷ್ಯ. ನಾನೇ ಹೋಗುತ್ತೇನೆ ಎಂದೆ.

ಟೇಪಿನ ಆ ತುದಿ ಶಶಿಧರ್ ಹಿಡಿದ. ಪೊಲೀಸರ ಸುಣ್ಣದ ಗುರುತು ಅರ್ಧ ಅಳಿಸಿತ್ತು. ಗುಡಿ ಕಡೆಯ ಫುಟ್‌ಪಾತ್‌ಗೆ ಎರಡು ಮೀಟರ್ ಹತ್ತು ಸೆಂಟಿಮೀಟರ್. ಅವಳ ಹೆಜ್ಜೆಯಲ್ಲಿ ನಾಲ್ಕು. ಅಷ್ಟನ್ನು ಬರೆದುಕೊಂಡೆ. ಆಮೇಲೆ ಪೆನ್ನು ನಡೆಯಲಿಲ್ಲ. ಉಳಿದದ್ದನ್ನು ಶಶಿಧರ್ ಬರೆದ.

"ಮನೆಗೆ ಹೋಗಣ ನಡೀರಿ ಅಕ್ಕ" ಅಂದ.

ಯಾವ ಮನೆಗೆ. ಗೋಡೆಯ ಆ ಕಡೆ ಅವಳ ಸೀರೆ ಇನ್ನೂ ತಂತಿಯ ಮೇಲೇ ಇದೆ.

ಜುಲೈ 22, ಮಂಗಳವಾರ

ರಜೆ ಹಾಕಿ ಹೋಗಿ ಎಣಿಸಿದೆ. ಯಾರೂ ಕೇಳಿರಲಿಲ್ಲ. ನಾಲ್ಕರಿಂದ ನಾಲ್ಕೂ ಕಾಲು — ನೂರ ಹದಿನೆಂಟು. ನಾಲ್ಕೂ ಕಾಲಿನಿಂದ ನಾಲ್ಕೂವರೆ — ತೊಂಬತ್ತಾರು. ಅರ್ಧ ಗಂಟೆಗೇ ಇನ್ನೂರ ಹದಿನಾಲ್ಕು. ಎಲ್ಲ ಹೆಂಗಸರೇ, ಬಸ್‌ಸ್ಟಾಪಿನಿಂದ ಗುಡಿಗೆ, ಗುಡಿಯಿಂದ ಬಸ್‌ಸ್ಟಾಪಿಗೆ. ಒಬ್ಬಳ ಸೆರಗು ಇನ್ನೊಬ್ಬಳ ಕೈಯಲ್ಲಿ.

ಅವತ್ತು ನಾವೂ ಹೀಗೇ ದಾಟಿದ್ದೆವು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಎಣಿಸುವವಳೇ ದಾಟುತ್ತಿದ್ದಳಲ್ಲ, ಆ ಹಾಳೆಯಲ್ಲಿ ಅವಳೂ ಇಲ್ಲ, ನಾನೂ ಇಲ್ಲ.

ಗುಡಿಯೊಳಗೆ ಹೋಗಲಿಲ್ಲ. ಹೊಸಿಲವರೆಗೆ ಹೋಗಿ ನಿಂತೆ. ಅಮ್ಮನಿಗೆ ಏನೆಂದು ಕೈ ಮುಗಿಯಲಿ. ನಿನ್ನ ಸೇವೆಗೇ ಬಂದಿದ್ದೆನಲ್ಲ ತಾಯಿ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಅಮ್ಮನೇನೂ ಎಣಿಸುವುದು ಬಿಟ್ಟು ಬಾ ಎಂದು ಕರೆದಿರಲಿಲ್ಲ.

ಆಗಸ್ಟ್ 4, ಸೋಮವಾರ

ಅರ್ಪಿತ ಬಂದಿದ್ದಳು. ಅಂಜನಮ್ಮನ ಒಬ್ಬಳೇ ಮಗಳು. ನನ್ನ ಮಡಿಲಲ್ಲಿ ಕೂತು ತಲೆ ಬಾಚಿಸಿಕೊಂಡು ಸ್ಕೂಲಿಗೆ ಹೋದ ಹುಡುಗಿ, ಈಗ ಅದೇ ಸ್ಕೂಲಿನ ಟೀಚರ್. ಮಾಹಿತಿ ಹಕ್ಕಿನಲ್ಲಿ ನಮ್ಮ ಆಫೀಸಿಗೆ ಅರ್ಜಿ ಹಾಕಿದ್ದಾಳೆ — ಎಣಿಕೆಯ ಹಾಳೆ ಬೇಕು, ಎಣಿಸಿದವರ ಹೆಸರು ಬೇಕು.

"ದೊಡ್ಡಮ್ಮ, ಅರ್ಜಿಗೆ ಒಂದು ತಿಂಗಳು ಮಾಡ್ತಾರಂತೆ. ಹೆಸರು ನಿಮಗೆ ಗೊತ್ತಾಗತ್ತಲ್ವಾ, ಹೇಳಿ. ಕೇಸ್ ಗೀಸ್ ಏನೂ ಹಾಕಲ್ಲ."

"ಮತ್ತೆ ಯಾಕೆ ಕಂದ?"

"ಒಂದ್ಸಲ ಮುಖ ನೋಡ್ಬೇಕು ಅಷ್ಟೆ. ನಮ್ಮಮ್ಮ ನಿಮ್ಮ ಕಣ್ಣಿಗೆ ಬೀಳಲಿಲ್ವಾ ಅಂತ ಕೇಳ್ಬೇಕು."

ಲೋಟ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ. ವಿಚಾರಿಸಿ ಹೇಳುತ್ತೇನೆ ಎಂದೆ. ಈ ಬಾಯಿಂದ ಹಾಗೆಂದೆ. ಹೋಗುವಾಗ ನನ್ನ ಭುಜದ ಮೇಲೆ ತಲೆ ಇಟ್ಟು, "ನನಗಿನ್ನು ನೀವೇ" ಅಂದಳು.

ಆಗಸ್ಟ್ 6, ಬುಧವಾರ

ಅರ್ಜಿ ನಂದಕುಮಾರ್ ಸಾರ್ ಟೇಬಲ್ಲಿಗೆ ಬಂದಿದೆ.

"ಹಾಳೆ ಜೆರಾಕ್ಸ್ ಮಾಡಿ ಕೊಟ್ಬಿಡೋಣ ಈಶ್ವರಮ್ಮ. ಹೆಸರು ಬೇಡ, ವಿಭಾಗದ ಸಿಬ್ಬಂದಿ ಅಂತ ಬರೆಯೋಣ. ನಿಮ್ಮ ಸೈನಂತೂ ದೇವರಿಗೂ ಓದಕ್ಕಾಗಲ್ಲ."

"ಸಾರ್, ಅದರಲ್ಲಿ ಎರಡು ಕಾಲಂ ನಾನು ನೋಡಿ ಬರೆದಿದ್ದಲ್ಲ. ಗುಡಿಗೆ ಹೋಗಿದ್ದೆ."

ಸಾರ್ ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಇದು ನನ್ನ ಕಿವಿಗೆ ಬಿದ್ದಿಲ್ಲ. ಸರ್ವಿಸ್ ಇನ್ನೂ ಹತ್ತು ವರ್ಷ ಇದೆ ನಿಮಗೆ. ಹೋದವರು ವಾಪಸ್ ಬರ್ತಾರಾ ಹೇಳಿ?"

"ಬರಲ್ಲ ಸಾರ್."

"ಮತ್ತೆ?"

ನೂರ ಹದಿನೆಂಟು, ತೊಂಬತ್ತಾರು ಇರುವ ಹಾಳೆಯನ್ನು ಅವರ ಮುಂದಿಟ್ಟೆ. ಹಳೆಯ ಹಾಳೆ ಸುಳ್ಳು, ಬರೆದವಳು ನಾನು ಎಂದು ಕೆಳಗೆ ಬರೆದು ಸಹಿ ಹಾಕಿದ್ದೆ, ಓದಲು ಬರುವ ಹಾಗೆ. ಸಾರ್ ಹಾಳೆಯನ್ನು ಫೈಲಿಗೆ ಸೇರಿಸಿದರು. "ಮೇಲಿನವರಿಗೆ ಕಳಿಸ್ಲೇಬೇಕಾಗತ್ತೆ" ಅಂದರು. ಕಳಿಸಿ ಎಂದೆ.

ಸಸ್ಪೆಂಡ್ ಮಾಡಿದರೆ ಮಾಡಲಿ. ಆ ಭಯ ಇಲ್ಲ. ಇರುವ ಭಯ ಪಕ್ಕದ ಮನೆಯದು. ಆಫೀಸಿನ ಕಾಗದದಲ್ಲಿ ನನ್ನ ಹೆಸರು ಓದುವ ಮೊದಲು ನನ್ನಿಂದಲೇ ಅವಳಿಗೆ ತಿಳಿಯಬೇಕು.

ಆಗಸ್ಟ್ 8, ಶುಕ್ರವಾರ. ಬೆಳಿಗ್ಗೆ ಹತ್ತು

ವರಮಹಾಲಕ್ಷ್ಮಿ ಹಬ್ಬ. ಪ್ರತಿ ವರ್ಷ ಎರಡೂ ಮನೆಗೆ ಸೇರಿ ಒಂದೇ ಕಳಶ ಇಡುತ್ತಿದ್ದೆವು. ಸೀರೆ ಉಡಿಸುವುದು ಅವಳು, ನೆರಿಗೆ ಹಿಡಿಯುವುದು ನಾನು. ಈ ಸಲ ಅವರ ಮನೆಯಲ್ಲಿ ಹಬ್ಬವಿಲ್ಲ. ನಾನೂ ಇಡಲಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿ, ನೆಲದ ಮೇಲೆ ಕೂತು ಅರ್ಪಿತಳಿಗೆ ಬರೆದೆ. ನಾಲ್ಕು ಸಲ ಹರಿದು ಹಾಕಿದೆ. ಕಡೆಗೆ ಉಳಿದದ್ದು ಒಂದೇ ಪುಟ. ಕ್ಷಮಿಸು ಎಂದು ಬರೆದಿಲ್ಲ. ಕೇಳುವ ಮುಖ ಇಲ್ಲ. ನೀನು ನೋಡಬೇಕೆಂದ ಮುಖ ನನ್ನದು ಎಂದು ಬರೆದಿದ್ದೇನೆ, ನಡೆದದ್ದನ್ನು ನಡೆದ ಹಾಗೆ.

ಎರಡು ಸಲ ಅವರ ಗೇಟಿನವರೆಗೆ ಹೋಗಿ ಬಂದೆ. ಚಿಲಕ ತೆಗೆಯಲಾಗಲಿಲ್ಲ.

ಶಶಿಧರ್‌ಗೆ ಫೋನ್ ಮಾಡಿದ್ದೇನೆ, ದಾರಿಯಲ್ಲಿದ್ದಾನೆ. ಎದುರಿಗೆ ಬಂದರೆ ಮಾತು ಹೊರಡುವುದಿಲ್ಲ, ಅವನಿಗೆ ಹೇಳಬೇಕಾದ್ದನ್ನು ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ, ಓದಿ ಹೇಳಿದರಾಯಿತು.

ಶಶಿ, ಇದನ್ನು ಅರ್ಪಿತಳ ಕೈಗೇ ಕೊಡಪ್ಪ. ಬಾಗಿಲಿಗೆ ಸಿಕ್ಕಿಸಿ ಬರಬೇಡ. ಓದಿ ಮುಗಿಸುವವರೆಗೆ ಅಲ್ಲೇ ನಿಂತಿರು. ನನ್ನ ಪರವಾಗಿ ಒಂದು ಮಾತೂ ಆಡಬೇಡ. ಬೈದರೆ ಬೈದದ್ದನ್ನೇ ಬಿಡದೆ ತಂದು ನನಗೆ ಹೇಳು, ಕಮ್ಮಿ ಮಾಡಬೇಡ. ಬರೆದು ಕೊಟ್ಟರೆ ಬರೆದದ್ದನ್ನು ತಾ. ಏನೂ ಹೇಳದೆ ಒಳಗೆ ಹೋಗಿಬಿಟ್ಟರೆ ಇನ್ನೊಂದು ಗಳಿಗೆ ಕಾದು ನೋಡು, ದೊಡ್ಡಮ್ಮ ಉತ್ತರಕ್ಕೆ ಕಾಯ್ತಿದ್ದಾರೆ ಅನ್ನು — ದೊಡ್ಡಮ್ಮ ಅನ್ನಬೇಡ, ಈಶ್ವರಮ್ಮ ಅನ್ನು, ಈಶ್ವರಮ್ಮ ಕಾಯ್ತಿದ್ದಾರೆ, ಏನಾದರೂ ಒಂದು ಮಾತು…