ಏಡನ್‌ನಲ್ಲಿ ಬೀಗ ಬಿದ್ದಿರುವ ನನ್ನ ಹೊಲಿಗೆ ಅಂಗಡಿಯ ಬಗ್ಗೆ

ಹೊರನಾಡ ಕನ್ನಡಿಗರ ಅಹವಾಲು ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನಗೆ ಹೊಟ್ಟೆಕಿಚ್ಚು. ಅದಕ್ಕೆ ತಮ್ಮ ಕಚೇರಿಯೇ ಕಾರಣವಾದ್ದರಿಂದ ದೂರನ್ನು ನಾಲ್ಕು ಜನರ ಎದುರಿಗೇ ಸಲ್ಲಿಸುತ್ತಿದ್ದೇನೆ. ಯುದ್ಧಕ್ಕೆ ಹೆದರಿ ಓಡಿಬಂದವನಿಗೆ ತಾನು ಬಿಟ್ಟುಬಂದ ಆಸ್ತಿಯ ಮೇಲೆ ಇನ್ನೂ ಹಕ್ಕು ಉಳಿದಿರಬಹುದು ಎಂಬ ಒಂದು ಮಾತನ್ನು ತಾವು ನಮಗೆ ಈವರೆಗೂ ಹೇಳಲಿಲ್ಲ. ಅದನ್ನು ನಾನು ತಿಳಿದುಕೊಂಡದ್ದು ಇಲ್ಲಿ ದೋಹಾದಲ್ಲಿ, ಯುದ್ಧದಲ್ಲಿ ಮನೆ ಕಳೆದುಕೊಂಡ ಸಿರಿಯಾದವರಿಗೆಂದು ಕರೆದಿದ್ದ ಸಭೆಯ ಕೊನೆಯ ಸಾಲಿನಲ್ಲಿ.

ಅಲ್ ವುಕೈರ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಹಬೀಬಾ, ಸಿರಿಯಾದ ಹೋಮ್ಸ್ ಪಟ್ಟಣದವರು, ಶಾಲೆಯ ಟೀಚರ್. ಆ ದಿನ ಅವರ ಕಾರು ಕೆಟ್ಟಿತ್ತು, ನಾನು ಕರೆದೊಯ್ದೆ. ಸಭಾಂಗಣದಲ್ಲಿ ಖರ್ಜೂರ, ಕಾಫಿ, ಹವಾನಿಯಂತ್ರಣ. ವೇದಿಕೆಯ ಮೇಲೆ ಒಬ್ಬ ವಕೀಲೆ, ಮಗುವಿಗೆ ಅನ್ನ ಕಲಸಿ ಕೊಡುವಷ್ಟು ತಾಳ್ಮೆಯಿಂದ ಹೇಳುತ್ತಿದ್ದರು: ಮನೆ ಕುಸಿದರೆ ಹಕ್ಕು ಕುಸಿಯುವುದಿಲ್ಲ. ದಾಖಲೆ ಸುಟ್ಟಿದ್ದರೆ ಕರೆಂಟ್ ಬಿಲ್ಲು ಹುಡುಕಿ, ಮದುವೆಯ ಫೋಟೋದಲ್ಲಿ ಹಿಂದಿನ ಗೋಡೆ ನೋಡಿ, ಪಕ್ಕದ ಮನೆಯವರ ಹೇಳಿಕೆ ಪಡೆಯಿರಿ. ಏಡನ್‌ನಲ್ಲಿ ಇಪ್ಪತ್ತು ವರ್ಷ ಬಾಳಿದ ನನಗೆ ಅರಬ್ಬಿ ಚೆನ್ನಾಗಿ ಬರುತ್ತದೆ. ಒಂದೊಂದು ಮಾತೂ ಎದೆಗೆ ಸೂಜಿಯಂತೆ ಹೋಯಿತು. ಇವರಿಗೆ ಹೇಳುವವರಿದ್ದಾರಲ್ಲ! ನಮಗೆ?

ಮನೆಗೆ ಬಂದು ಹೆಂಡತಿ ಹರಿಣಾಕ್ಷಿಯ ಮುಂದೆ ಇದನ್ನೇ ಹೇಳಿಕೊಂಡೆ. ಅವಳು ತಲೆ ಚಚ್ಚಿಕೊಂಡಳು.

"ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ? ಪಾಪ, ಅವಳ ಮನೆ ಹೊಡಿ ಹೊಡಿ ಆಗಿದೆ. ಅವಳ ಮೇಲೆ ನಿಮಗೆ ಹೊಟ್ಟೆಕಿಚ್ಚಾ?"

"ಮನೆಯ ಮೇಲಲ್ಲ ಮಾರಾಯ್ತಿ, ಮಾಹಿತಿಯ ಮೇಲೆ."

"ಎಂತದ್ದಾದರೂ ಆಗಲಿ, ಅವಳ ಎದುರಿಗೆ ಹೇಳಬೇಡಿ. ನಾಳೆ ನಾನು ಅವಳಿಗೆ ಮುಖ ತೋರಿಸಬೇಕು."

ಮಾನ್ಯರೇ, ನೆಲಸಮವಾದ ಮನೆಯ ಒಡತಿಯನ್ನು ಕಂಡು ಕರುಬುವ ಸ್ಥಿತಿಗೆ ಒಬ್ಬ ನಾಗರಿಕನನ್ನು ತರುವುದು ಸಣ್ಣ ಸಾಧನೆಯಲ್ಲ. ಅಭಿನಂದನೆಗಳು.

ನನ್ನ ಕತೆ ಇಷ್ಟೇ. ಏಡನ್‌ನ ಹೊಲಿಗೆ ಅಂಗಡಿ ಕೊಂಡ ಹಣ, ಯಂತ್ರಗಳು, ಬಟ್ಟೆಯ ಥಾನುಗಳು ಎಲ್ಲವೂ ನನ್ನ ದುಡಿಮೆಯವು. ಲೈಸೆನ್ಸ್ ಮಾತ್ರ ಸಾಲೆಹ್ ಎಂಬ ಸ್ಥಳೀಯರ ಹೆಸರಿನಲ್ಲಿತ್ತು. ಪರದೇಶಿಗಳಾದ ನಮ್ಮಂಥವರ ವ್ಯಾಪಾರ ನಡೆಯುತ್ತಿದ್ದದ್ದೇ ಹಾಗೆ. ಅವರನ್ನು ನಾವು ಅರಬಾಬ್ ಎನ್ನುತ್ತಿದ್ದೆವು, ಎಂದರೆ ಧಣಿ. ತಪಾಸಣೆಗೆ ಯಾರೇ ಬರಲಿ, ನಮ್ಮ ಬಾಯಿಂದ ಒಂದೇ ಪಾಠ: "ಎಲ್ಲ ಅರಬಾಬ್‌ದು, ನಾನು ಬರೀ ಕೆಲಸದವ." ಇಪ್ಪತ್ತು ವರ್ಷ ಈ ಪಾಠ ಒಪ್ಪಿಸಿ ಒಪ್ಪಿಸಿ ನಾಲಿಗೆಗೆ ಅದೇ ರುಚಿ ಹತ್ತಿತ್ತು.

ಎರಡು ಸಾವಿರದ ಹದಿನೈದರಲ್ಲಿ ಗುಂಡು ಹಾರತೊಡಗಿದಾಗ ಹಡಗು ಹತ್ತಿ ಪಾರಾದೆವು. ನಮ್ಮನ್ನು ಉಳಿಸಿದವರಿಗೆ ಕೈ ಮುಗಿಯುತ್ತೇನೆ. ಊರು ಮುಟ್ಟಿದ ಮೇಲೆ ತಮ್ಮ ವಿಭಾಗದ ಗುಮಾಸ್ತರೊಬ್ಬರು ಕೇಳಿದರು, "ಅಲ್ಲಿ ನಿಮ್ಮದು ಅಂತ ಏನಾದ್ರೂ ಬಿಟ್ಟು ಬಂದಿದ್ದೀರೇನ್ರೀ?" ನಾನೂ, ನನ್ನ ಹಿಂದೆ ನಿಂತಿದ್ದ, ಏಡನ್‌ನಲ್ಲೇ ಬೇಕರಿ ಇಟ್ಟಿದ್ದ ಅಲಿಯಬ್ಬನೂ ಒಂದೇ ಉಸಿರಿಗೆ ಹೇಳಿದೆವು: "ಇಲ್ಲ ಸಾರ್, ಎಲ್ಲ ಅರಬಾಬ್‌ದು." ಗುಮಾಸ್ತರು ಸಂತೋಷದಿಂದ ಗೀಟು ಎಳೆದರು. ಅವರಿಗೆ ಕೆಲಸ ಉಳಿಯಿತು. ನಮಗೆ ಅಂಗಡಿ ಹೋಯಿತು. "ಅದೇನ್ರೀ, ಇಪ್ಪತ್ತು ವರ್ಷ ಅಲ್ಲಿ ಕೂಲಿಯನ್ನೇ ಮಾಡಿದಿರಾ?" ಎಂದು ಮರುಪ್ರಶ್ನೆ ಹಾಕುವ ಕುತೂಹಲವಾದರೂ ಒಂದು ಸರ್ಕಾರಕ್ಕೆ ಬೇಡವೇ?

ಆಮೇಲೆ ಹೊಟ್ಟೆಪಾಡಿಗೆ ಕತಾರಿಗೆ ಬಂದೆ. ಇಲ್ಲಿ ಸಿರಿಯಾದವರ ಸಭೆಯಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ಹಬೀಬಾ ನಕ್ಕರು: "ಯಾ ದುಗ್ಗು, ನೀನು ಡ್ರೈವರಾಗಿ ಬಂದೆಯೋ ನಿರಾಶ್ರಿತನಾಗಿ ಬಂದೆಯೋ?" ವಕೀಲೆ ನಗಲಿಲ್ಲ. ಗೆಲ್ಲುತ್ತೀರೆಂದು ಭರವಸೆ ಕೊಡಲಾರೆ, ಆದರೆ ಲೈಸೆನ್ಸ್ ಇದ್ದವರೇ ಅಂಗಡಿ ನಿಮ್ಮದೆಂದು ಬಾಯಿಬಿಟ್ಟು ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ, ಅದನ್ನು ಎಲ್ಲಿ ಹೇಗೆ ದಾಖಲಿಸಬೇಕೆಂದು ನಿಮ್ಮ ಸರ್ಕಾರದವರನ್ನು ಕೇಳಿ ಎಂದರು.

ತಮಗೆ ಬರೆದು ಕೇಳಿದೆ. ಹಬೀಬಾ ಅಷ್ಟರಲ್ಲಿ ಹೋಮ್ಸ್‌ನ ಹಳೆಯ ನೆರೆಯವರ ಹೇಳಿಕೆ ತರಿಸಿಕೊಂಡು ಓಣಿಯಲ್ಲೆಲ್ಲ ತೋರಿಸಿದರು. ನನಗೆ ತಮ್ಮಿಂದ ಬಂದದ್ದು ಒಂದು ಆಮಂತ್ರಣ. ವಿಶ್ವಕಪ್ಪಿಗೆ ಬಂದ ದೇಶಗಳ ಬಾವುಟ ಹೊಲಿದ ಹೆಮ್ಮೆಯ ಕನ್ನಡಿಗನೆಂದು ಸನ್ಮಾನ! ತಾವೇ ದೋಹಾಕ್ಕೆ ಬಂದು ಪೇಟ ಇಟ್ಟಿರಿ, ಶಾಲು ಹೊದಿಸಿದಿರಿ. ವೇದಿಕೆಯ ಮೇಲೆ ತಮ್ಮ ಕಿವಿಯ ಹತ್ತಿರ, "ಸಾರ್, ನನ್ನ ಅಂಗಡಿ..." ಎಂದೆ. "ಫೋಟೋ ಕಡೆ ನೋಡಿ, ನಗ್ರಿ" ಎಂದಿರಿ. ಅದೇ ವಾರ ಈ ಊರಿನಲ್ಲಿ ಫುಟ್‌ಬಾಲ್ ನೋಡಲು ಬಂದ ಯಾವ ದೇಶದವನಿಗೂ ಮೆಟ್ರೋ ಯಾವ ಕಡೆ, ಶೌಚಾಲಯ ಯಾವ ಕಡೆ ಎಂದು ಮೂಲೆಮೂಲೆಯಲ್ಲಿ ನಿಂತು ಕೈತೋರುವವರಿದ್ದರು. ಅವರ ಮೇಲೂ ಹೊಟ್ಟೆಕಿಚ್ಚು ಪಟ್ಟೆ ಎಂಬುದನ್ನು ದಯವಿಟ್ಟು ಇದೇ ದೂರಿಗೆ ಸೇರಿಸಿಕೊಳ್ಳಿ.

ಈಗ ಆತುರವೇಕೆಂದರೆ, ಸಾಲೆಹ್ ಹಾಸಿಗೆ ಹಿಡಿದಿದ್ದಾರೆ. ಅಂಗಡಿಯ ಬೀಗದ ಕೈ ಇನ್ನೂ ಅವರ ವಶದಲ್ಲಿದೆ. ಅವರ ಮಕ್ಕಳು ಅಂಗಡಿಯನ್ನು ಮಾರೋಣ ಎನ್ನುತ್ತಿದ್ದಾರೆ. ಫೋನಿನಲ್ಲಿ ಸಾಲೆಹ್ ಅವರ ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತದೆ. "ದುಗ್ಗು, ಅದು ನಿನ್ನದು. ಯಾವ ಖಾಜಿಯ ಮುಂದೆ ಬೇಕಾದರೂ ಹೇಳುತ್ತೇನೆ. ಯಾರ ಮುಂದೆ ಹೇಳಬೇಕು ಅಂತ ನಿನ್ನವರನ್ನು ಕೇಳು. ನಾನು ಹೋದ ಮೇಲೆ ಖಲಾಸ್, ನನ್ನ ಮಕ್ಕಳಿಗೆ ನೀನು ಬರೀ ಟೈಲರ್."

ನಾನು ದುಡ್ಡು ಕೇಳುತ್ತಿಲ್ಲ, ಇನ್ನೊಂದು ಶಾಲನ್ನೂ ಕೇಳುತ್ತಿಲ್ಲ. ಆ ಮುದುಕರ ಮಾತು ನ್ಯಾಯಾಲಯದಲ್ಲಿ ನಿಲ್ಲುವಂತೆ ಯಾರ ಎದುರು, ಹೇಗೆ ದಾಖಲಾಗಬೇಕೆಂದು ಈ ವಾರವೇ ತಿಳಿಸಿ. ಆಮೇಲೆ ಕಾನೂನು ಬಲ್ಲವರೊಬ್ಬರನ್ನು ಕರೆಸಿ, ನನ್ನಂತೆ, ಅಲಿಯಬ್ಬನಂತೆ ತಮ್ಮದನ್ನು ತಮ್ಮದಲ್ಲವೆಂದು ಹೇಳಿಬಂದವರಿಗೆಲ್ಲ ಕನ್ನಡದಲ್ಲಿ ಒಂದು ಸಭೆ ಮಾಡಿಸಿ. ಪ್ರತಿ ಶುಕ್ರವಾರ ಸಾಲೆಹ್ ಕೇಳುತ್ತಾರೆ, "ನಿನ್ನವರು ಏನಂದರು?" ನಾನು "ಬುಕ್ರಾ", ನಾಳೆ ಹೇಳುತ್ತಾರಂತೆ ಎನ್ನುತ್ತೇನೆ. ಹೋದ ಶುಕ್ರವಾರ ಅವರ ಉಸಿರು ಮಾತ್ರ ಕೇಳಿಸಿತು. ಬರುವ ಶುಕ್ರವಾರ ಏನು ಹೇಳಲಿ?

ಇಂತಿ,
ತಮ್ಮ ಉತ್ತರಕ್ಕಿಂತ ಮೊದಲು ಏಡನ್‌ನಿಂದ ಫೋನ್ ಬಾರದಿರಲಿ ಎಂದು ಬೇಡುವ,
ದುಗ್ಗು, ಟೈಲರ್
ಅಲ್ ವುಕೈರ್, ಕತಾರ್