ಗೋಜೋ ದ್ವೀಪದಲ್ಲಿ ಬಾಣಂತನ

ಸುಬ್ರಹ್ಮಣ್ಯಪುರ, ಬೆಂಗಳೂರು
ಭಾನುವಾರ, 8 ಫೆಬ್ರವರಿ 2026

ಪ್ರೀತಿಯ ಮಗಳು ಮೈತ್ರಿಗೆ,

ಹೇಗಿದ್ದೀಯವ್ವ? ಕಾಲಿನ ಊತ ಇಳೀತಾ? ನಿನ್ನ ಸೋದರತ್ತೆ ಕೆಂಪಕ್ಕ ಎಡಮಗ್ಗುಲಲ್ಲೇ ಮಲಗಬೇಕು ಅಂತ ಹೇಳು ಅಂದಳು, ಹೇಳಿದ್ದೀನಿ. ನಿನ್ನ ವೃದ್ಧಾಶ್ರಮದಲ್ಲಿ ಆ ದಪ್ಪನೆ ಅಜ್ಜಿಯರನ್ನ ಎತ್ತಿ ಕೂರಿಸೋ ಕೆಲಸ ಈಗ ನಿನಗೆ ಕೊಡ್ತಿಲ್ಲ ತಾನೆ? ನರ್ಸು ಅಂದ ಮಾತ್ರಕ್ಕೆ ಏಳು ತಿಂಗಳ ಬಸುರಿ ಕೈಲಿ ಎತ್ತಿಸಬಾರದು ಅಂತ ಅವರಿಗೂ ಗೊತ್ತಿರುತ್ತೆ, ಆದರೂ ಕೇಳ್ತೀನಿ. ದಿನೇಶ ಆರೋಗ್ಯವಾಗಿದಾನಾ? ಹೋಟೆಲ್ ಅಡುಗೆಮನೆಯಲ್ಲಿ ದಿನವೆಲ್ಲ ನಿಂತು ಬೇಯಿಸೋನು ಮನೆಗೆ ಬಂದು ನಿನಗೂ ಬೇಯಿಸಿ ಹಾಕ್ತಾನೆ ಅಂದೆಯಲ್ಲ, ಒಳ್ಳೇ ಅಳಿಯ. ಇನ್ನು ನನ್ನ ವಿಷಯ. ಸಂಜೆ ಕಾಲೇಜಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಕಾಗದದ ಮೊದಲ ಸಾಲನ್ನ ಬಾಯಿಪಾಠ ಮಾಡಿಸಿದ್ದರು: ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯು. ಎರಡನೇ ಸಾಲು ಏನಿತ್ತೋ ಮರೆತುಹೋಗಿದೆ. ಮೊದಲನೆಯದೇ ಸಾಕು ಅಂದ್ಕೋ.

ನೀನು ಫೋನಲ್ಲಿ ಕೇಳಿದ್ದು ಒಂದೇ ಮಾತು. "ಅಪ್ಪಾ, ಬರ್ತೀಯೋ ಇಲ್ವೋ, ಯೆಸ್ ಆರ್ ನೋ?" ನಾನು "ನೋಡೋಣವ್ವ" ಅಂದೆ. ಮೂರು ವಾರದಿಂದ ನೋಡೋಣ ಅಂತಲೇ ಅಂತಿದೀನಿ, ನಿನ್ನ ದನಿ ಸಣ್ಣಗಾಗೋದು ನನಗೂ ಕೇಳಿಸುತ್ತೆ. ಫೋನು ಕಿವಿಗೆ ಇಟ್ಟರೆ ನನಗೆ ಮಾತು ಹೊರಡಲ್ಲ, ಬರೆದರೆ ಸ್ವಲ್ಪ ಹೊರಡುತ್ತೆ. ದಿನೇಶನ ಸ್ನೇಹಿತ ಜಯಸಿಂಹ ಮಂಗಳವಾರ ಅಲ್ಲಿಗೆ ಹೊರಡ್ತಾನಂತೆ, ಸಾಮಾನು ತಗೊಂಡು ಹೋಗೋಕೆ ನಾಳೆ ಬೆಳಗ್ಗೆ ಬರ್ತಾನೆ. ಅದರ ಜೊತೆ ಈ ಕಾಗದ ಇಡ್ತೀನಿ. ಗುರುವಾರ ವೀಸಾ ಆಫೀಸಲ್ಲಿ ನನ್ನ ಸರದಿ. ಅದು ತಪ್ಪಿದರೆ ಹೆರಿಗೆಗೆ ಮುಂಚೆ ಇನ್ನೊಂದು ಸಿಗಲ್ಲ ಅಂತ ನೀನೇ ಹೇಳಿದ್ದೆ. ಅಷ್ಟರೊಳಗೆ ನಿನಗೆ ಉತ್ತರ ಬೇಕು, ಬೇಕಾದ್ದೇ. ಕೊನೆಗೆ ಬರೀತೀನಿ. ಮೊದಲು ಸುದ್ದಿ.

ಸುದ್ದಿ ಅಂದರೆ ತಯಾರಿ. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ತಯಾರಿ ಎಲ್ಲ ಮುಗಿದಿದೆ. ಯುಗಾದಿ ಆದ ವಾರ ಹೊರಟರೆ ಜೂನ್ ತನಕ ಇರಬಹುದು, ಮೂರು ತಿಂಗಳಿಗಿಂತ ಹೆಚ್ಚು ಬಿಡಲ್ಲ, ಬಾಣಂತನಕ್ಕೆ ಅಷ್ಟು ಸಾಕು. ನಿಮ್ಮ ಗೋಜೋವನ್ನ ಫೋನಿನ ಮ್ಯಾಪಲ್ಲಿ ಹಿಂದೆ ಮುಂದೆ ಎಳೆದು ನೋಡಿದೀನಿ. ಆನ್ ಐಲ್ಯಾಂಡ್ ಈಸ್ ಎ ಪೀಸ್ ಆಫ್ ಲ್ಯಾಂಡ್ ಸರೌಂಡೆಡ್ ಬೈ ವಾಟರ್ ಆನ್ ಆಲ್ ಸೈಡ್ಸ್, ಇದು ಮಾತ್ರ ಪೂರ್ತಿ ನೆನಪಿದೆ. ಮಾಲ್ಟಾ ದೊಡ್ಡದು, ಅದರ ಪಕ್ಕ ನಿಮ್ಮದು, ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚೂಕಮ್ಮಿ ಬನಶಂಕರಿಯಿಂದ ಕೆಂಗೇರಿಯಷ್ಟು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಇದ್ದೋನಿಗೆ ಅದು ಒಂದು ರೂಟು ಅಷ್ಟೆ, ಎರಡು ಗಾಡಿ ಬಿಟ್ಟರೆ ಇಡೀ ದ್ವೀಪ ಓಡಾಡುತ್ತೆ. ಏಪ್ರಿಲಲ್ಲಿ ಅಲ್ಲಿ ಚಳಿಯೂ ಅಲ್ಲ ಬಿಸಿಲೂ ಅಲ್ಲ ಅಂತೀಯ, ಒಂದು ಸ್ವೆಟರ್ ಸಾಕು. ನೀನು ಕಳಿಸಿದ ಫೋಟೋದಲ್ಲಿ ಕಲ್ಲುಗೋಡೆಯ ಬುಡದಲ್ಲೆಲ್ಲ ಹಳದಿ ಹೂವು. ಚೆನ್ನಾಗಿದೆ ಅಂತ ಗೊತ್ತಾಗುತ್ತೆ. ಗೊತ್ತಾಗುತ್ತೆ ಅಷ್ಟೆ.

ಮೊದಲ ಹೆರಿಗೆ ತೌರುಮನೇದು, ಅದನ್ನ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮಮ್ಮ ಗೌರ ಇದ್ದಿದ್ದರೆ ಈ ಕಾಗದವೇ ಇರ್ತಿರಲಿಲ್ಲ, ಅವಳು ಈ ಹೊತ್ತಿಗೆ ಒರಳುಕಲ್ಲನ್ನೂ ಸೂಟ್‌ಕೇಸಿಗೆ ತುರುಕಿರೋಳು. ದಿನೇಶನ ಅಮ್ಮನಿಗೆ ಮಂಡಿ ಆಪರೇಷನ್. ದಿನೇಶನಿಗೆ ಏಪ್ರಿಲ್ ಮೇ ಅಂದರೆ ಟೂರಿಸ್ಟ್ ಸೀಸನ್, ರಜ ಕೊಡಲ್ಲ. ಕೆಂಪಕ್ಕನನ್ನ ಕೇಳಿದ್ದಕ್ಕೆ, "ನಾನು ಬೇಗೂರು ಕೆರೆ ಏರಿ ಮೇಲೆ ನಡೆಯುವಾಗಲೇ ಒಳಗಡೆ ಬಗ್ಗಿ ನೋಡಲ್ಲ, ಸಮುದ್ರದ ಮಧ್ಯ ಹೋಗಿ ಕೂತ್ಕೊಳ್ಳಲಾ? ನೀನು ಹೋಗು, ನಾನು ಕಲಿಸ್ತೀನಿ" ಅಂದಳು. ಗಂಡಸಿಗೆ ಬಾಣಂತನ ಕಲಿಸಿದ್ದು ಅವಳ ಆಯುಸ್ಸಿನಲ್ಲಿ ಇದೇ ಮೊದಲಂತೆ. ಬೇಗೂರಿಂದ ಎರಡು ಬಸ್ ಬದಲಾಯಿಸಿ ವಾರಕ್ಕೆ ಮೂರು ದಿನ ಬರ್ತಾಳೆ. ಬಂದವಳೇ ಕೆಲಸ ಹಂಚಿಬಿಟ್ಟಳು. "ಅವಳಿಗೆ ನೀರು ಹಾಕೋದು ಅವಳ ಗಂಡನ ಕೆಲಸ, ಆ ಕಡೆ ನೀನು ತಲೆ ಹಾಕಬೇಡ. ಅಡುಗೆ ನಿಂದು, ಕೂಸಿಗೆ ನೀರು ಹಾಕೋದು ನಿಂದು, ಹೊಗೆ ಹಾಕೋದು ನಿಂದು." ಹೊಗೆ ಅಂದಾಗ ನೆನಪಾಯ್ತು, ನಿಮ್ಮ ಮನೆ ಸೂರಿನಲ್ಲಿ ಹೊಗೆ ಕಂಡರೆ ಬಡ್ಕೊಳ್ಳೋ ಯಂತ್ರ ಇದೆಯಾ? ಸಾಂಬ್ರಾಣಿ ಕಳಿಸ್ತಿದೀನಿ. ಬಾಣಂತಿ ಖಾರದ ಪುಡಿ ಎರಡು ಡಬ್ಬ, ಅಂಟು, ಒಣಶುಂಠಿ, ಬಜೆ ಇವೆ. ತುಪ್ಪ ಒಳಗೆ ಬಿಡಲ್ಲವಂತೆ, ಅಲ್ಲೇ ಬೆಣ್ಣೆ ತಂದು ಕಾಯಿಸಬೇಕು. ಅಲ್ಲಿಯ ಜನ ಮೊಲ ತಿಂತಾರೆ ಅಂದೆಯಲ್ಲ, ಅದು ಬಾಣಂತಿಗೆ ಆಗಿಬರುತ್ತಾ ಅಂತ ಕೆಂಪಕ್ಕನನ್ನ ಕೇಳಿದೆ. ಗೊತ್ತಿಲ್ಲ ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅವತ್ತೇ.

ವೀಸಾ ಬಗ್ಗೆ ವಿಚಾರಿಸೋಕೆ ಹೋಗಿದ್ದಾಗ ಅಲ್ಲಿದ್ದ ಹುಡುಗಿ ಯಾಕೆ ಹೋಗ್ತಿದೀರ ಅಂಕಲ್ ಅಂದಳು. ಬಾಣಂತನಕ್ಕೆ ಅಂದೆ. ಅವಳಿಗೆ ಗೊತ್ತಾಯ್ತು, ನಮ್ಮ ಕಡೆಯವಳೇ, ಆದರೆ ಕಂಪ್ಯೂಟರಿಗೆ ಗೊತ್ತಿಲ್ಲವಂತೆ. "ಟೂರಿಸಂ ಅಂತ ಹಾಕಲಾ?" ಅಂದಳು. ನಾನೇನೂ ನೋಡೋಕೆ ಹೋಗ್ತಿಲ್ಲಮ್ಮ ಅಂದೆ. "ಅಷ್ಟು ದೂರ ಹೋಗಿ ಏನೂ ನೋಡದೆ ಬರ್ತೀರಾ ಅಂಕಲ್?" ಅಂತ ನಕ್ಕು, ಮಗಳನ್ನ ನೋಡೋಕೆ ಅಂತ ಬರ್ಕೊಂಡಳು.

ಗೌರ ಹಳೇ ಕಾಟನ್ ಸೀರೆಗಳನ್ನ ಒಗೆದು ಮಡಿಸಿ ಟ್ರಂಕಲ್ಲಿ ಇಟ್ಟಿದ್ದಳು. ನಿನ್ನ ಮದುವೆಯಾದ ವರ್ಷದಿಂದಲೇ ಇಡ್ತಾ ಬಂದಿದ್ದಳು, ನಿನಗೆ ಹೇಳಿರಲಿಲ್ಲ, ಹೇಳಿದರೆ ಅವಸರ ಮಾಡಿದ ಹಾಗಾಗುತ್ತೆ ಅಂತ. ಕೂಸಿಗೆ ಸುತ್ತೋಕೆ, ಕೆಳಗೆ ಹಾಸೋಕೆ. ಹೋದ ವಾರ ಕೆಂಪಕ್ಕ ಅವನ್ನ ನನ್ನ ಮುಂದೆ ಹಾಕಿ ಹರಿ ಅಂದಳು. ಅವಳು ಒಂದು ತುದಿ ಹಿಡಿದಳು, ನಾನೊಂದು. ಆ ನೀಲಿ ಸೀರೆ, ನಿನ್ನನ್ನ ನರ್ಸಿಂಗ್ ಕಾಲೇಜಿಗೆ ಸೇರಿಸೋಕೆ ಹೋದಾಗ ಉಟ್ಟಿದ್ದಳಲ್ಲ, ಅದೂ ಇತ್ತು. ಹರಿಯೋ ಸದ್ದು ಕೇಳಿಸ್ತು. ಕೆಂಪಕ್ಕ ಅಳ್ತಿದ್ದಳು. ನಾನು ಅಂಚು ನೇರವಾಗಿ ಬಂತಾ ಅಂತ ನೋಡ್ತಿದ್ದೆ. ಬಂದಿತ್ತು. ಎಲ್ಲ ಚೌಕಗಳನ್ನೂ ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ ಕಳಿಸ್ತಿದೀನಿ, ಡೆಟಾಲ್ ವಾಸನೆ ಬರಬಹುದು.

ನೀರು ಹಾಕೋದು ಕಲಿಯೋಕೆ ಕೂಸು ಬೇಕಲ್ಲ, ಕೆಂಪಕ್ಕ ಉತ್ತರಹಳ್ಳಿ ರಸ್ತೆಯ ಗಾಡಿಯಲ್ಲಿ ಒಂದು ಕಲ್ಲಂಗಡಿ ತೂಗಿಸಿ ತಂದಳು, ಹುಟ್ಟಿದ ಕೂಸಿನಷ್ಟೇ ತೂಕದ್ದು. ಗಾಡಿಯವನು ಸಣ್ಣದ್ಯಾಕಕ್ಕ, ದೊಡ್ಡದು ತಗೊಳ್ಳಿ ಅಂದನಂತೆ, "ನಮ್ಮ ಹುಡುಗಿ ಸಣ್ಣಗಿದಾಳೆ, ದೊಡ್ಡದು ಹುಟ್ಟಲ್ಲ" ಅಂತ ಹೇಳಿ ಬಂದಿದಾಳೆ. ಬಚ್ಚಲಲ್ಲಿ ಗೋಡೆಗೆ ಒರಗಿ, ಪಂಚೆ ಮೇಲಕ್ಕೆ ಕಟ್ಟಿ, ಎರಡೂ ಕಾಲು ಜೋಡಿಸಿ ಚಾಚಿ, ಆ ಕಾಲುಗಳ ಸಂದಿಯಲ್ಲಿ ಕೂಸನ್ನ ಮಲಗಿಸಬೇಕು. ಎಡಗೈ ಕತ್ತಿನ ಕೆಳಗೆ. ಬಲಗೈಲಿ ಚೊಂಬು. ನೀರು ತಲೆ ಮೇಲಿಂದ ಹಿಂದಕ್ಕೆ ಇಳೀಬೇಕು, ಕಿವಿಗೆ ಹೋಗಬಾರದು. ನಾನು ಕಲ್ಲಂಗಡಿಗೆ ಕಿವಿ ಎಲ್ಲಿ ಅಂದೆ. "ತೊಟ್ಟಿರೋದು ತಲೆ, ಅದರ ಅಕ್ಕಪಕ್ಕ ಕಿವಿ, ತರಲೆ ಮಾಡಬೇಡ" ಅಂದಳು. ಎರಡು ಸಲ ಜಾರಿಸಿದೆ. ಮೂರನೇ ದಿನಕ್ಕೆ ಕೈ ಕೂತ್ಕೊಂಡಿತು. "ಪರವಾಗಿಲ್ಲ ಕಣೋ ಸಿದ್ದ, ನಿನ್ನ ಕೈ ಹೆಂಗಸರ ಕೈ ಇದ್ದ ಹಾಗಿದೆ" ಅಂದಳು. ಆಮೇಲೆ ಆ ಕೂಸನ್ನ ಕುಯ್ದು ಇಬ್ಬರೂ ತಿಂದೆವು. ಸಿಹಿ ಇದೆ ಅಂತ ಅವಳಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾಲ್ಕನೇ ದಿನ ಇನ್ನೊಂದು ಕಾಯಿ ತಂದು, ನೀರು ಕಾಯಿಸಿ ಬೆರೆಸೋದನ್ನೂ ನೀನೇ ಮಾಡು ಅಂತ ಅವಳು ಹೊರಗೆ ಕೂತಳು. ಬಕೆಟಿಗೆ ಬಿಸಿನೀರು ಬಿಟ್ಟೆ, ತಣ್ಣೀರು ಬೆರೆಸಿದೆ, ಮೊಣಕೈ ಅದ್ದಿ ನೋಡಿದೆ, ಸರಿಯಾಗಿದೆ ಅನ್ನಿಸ್ತು, ಹಾಕಿದೆ. ನಾಲ್ಕು ಚೊಂಬು ಹಾಕಿರಬಹುದು. ಕೆಂಪಕ್ಕ ಒಳಗೆ ಬಂದವಳು ಹಬೆ ನೋಡಿ ಬಕೆಟಿಗೆ ಕೈ ಹಾಕಿ, ಹಾಕಿದಷ್ಟೇ ಬೇಗ ತೆಗೆದಳು. "ಏನು ಬೇಯಿಸ್ತಿದೀಯೋ?" ಅಂದಳು. ನನ್ನ ಕಾಲು ನೋಡಿದರೆ ಮೊಣಕಾಲಿಂದ ಕೆಳಗೆ ಕೆಂಪಗಾಗಿದೆ. ನನಗೆ ಗೊತ್ತೇ ಆಗಿರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಪದ್ಮನಾಭನಗರದ ಡಾಕ್ಟರ ಹತ್ತಿರ ಕರ್ಕೊಂಡು ಹೋದಳು. ಅವರು ಸೂಜಿ ಚುಚ್ಚಿ, ಸುತ್ತಿಗೆಯಲ್ಲಿ ತಟ್ಟಿ, ಶುಗರ್ ನೋಡಿ, ನರ ಎಲ್ಲ ಸರಿಯಾಗಿವೆ, ಮನಸ್ಸು ಬೇರೆ ಕಡೆ ಇತ್ತೇನೋ ಅಂದರು. ಮನಸ್ಸು ಬೇರೆ ಕಡೆಯೂ ಇರಲಿಲ್ಲ. ಅದನ್ನ ಅವರಿಗೆ ಹೇಗೆ ಹೇಳೋದು.

ಆಗಸ್ಟಿಂದ ಹೀಗೇ ಮೈತ್ರಿ. ಗೌರ ತೀರಿಕೊಂಡ ವಾರ ನೀನು ಬಂದಿದ್ದಾಗ "ಅಪ್ಪಾ, ಒಂದು ಸಲ ಅತ್ತುಬಿಡು, ನನಗೋಸ್ಕರ" ಅಂದೆ. ನಿನಗೋಸ್ಕರ ಪ್ರಯತ್ನ ಮಾಡಿದೆ ಕೂಡ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಬರಲಿಲ್ಲ. ಆಮೇಲೆ ನೀನು ಬಸುರಿ ಅಂತ ಗೊತ್ತಾದಾಗ ಬೀದಿಯಲ್ಲೆಲ್ಲ ಗೌರನೇ ವಾಪಸ್ ಬರ್ತಿದಾಳೆ ಅಂದರು. ಸತ್ತವರು ಮತ್ತೆ ಹುಟ್ಟೋದು ಸುಳ್ಳು, ನಾವು ಬುದ್ಧನ ಕಡೆಯವರು ಅಂತ ಇದೇ ಬೀದಿಯಲ್ಲಿ ಭಾಷಣ ಮಾಡಿದ್ದೋನು ನಾನು. ಈ ಸಲ ಕೊಟ್ಟ ಕಾಫಿ ಕುಡಿದು ಬಂದೆ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತೆ, ಊಟ ಮಾಡಿ ಏಳ್ತೀನಿ, ಕೆಂಪಕ್ಕ ಬಂದು ಉಗಿದ ಮೇಲೇ ಗೊತ್ತಾಗೋದು. ಸಾರು ಹಾಳಾದರೆ ಚೆಲ್ಲಬಹುದು. ನೀನು ನಂಬಿ ಕೂಸನ್ನ ನನ್ನ ಕಾಲ ಮೇಲೆ ಮಲಗಿಸ್ತೀಯ.

ಮಹಡಿ ಮೇಲಿನ ಬಾಡಿಗೆ ಮನೆಯ ಮೇಘಶ್ರೀಗೆ ಹೋದ ತಿಂಗಳು ಹೆಣ್ಣುಕೂಸಾಯ್ತು. ಅವಳ ತಾಯಿ ವಾಪಸ್ ಊರಿಗೆ ಹೋದಮೇಲೆ ಕೆಂಪಕ್ಕನೇ ಬಂದಾಗಲೆಲ್ಲ ನೀರು ಹಾಕಿಕೊಡ್ತಾಳೆ. ಸೋಮವಾರ ಆ ಕೂಸಿಗೆ ನೀನು ಹಾಕು, ನಾನು ಪಕ್ಕದಲ್ಲೇ ಇರ್ತೀನಿ ಅಂತ ನಿನ್ನೆ ಹೇಳಿದಳು. ಆಗಲ್ಲ ಅಂದೆ. "ಇದಕ್ಕೇ ಆಗಲ್ಲ ಅಂದರೆ ಅಲ್ಲಿಗೆ ಹೋಗಿ ಏನು ಮಾಡ್ತೀಯ, ಹೂವು ನೋಡ್ತೀಯಾ?" ಅಂದಳು. ಅದು ಸರಿಯಾದ ಪ್ರಶ್ನೆ.

ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್, ಉತ್ತರ ಹೀಗೆ. ದಿನೇಶನಿಗೆ ಗೊತ್ತಿರೋ ಅಲ್ಲಿಯ ಹೆಂಗಸು ಒಬ್ಬಳಿದಾಳೆ, ಕೂಸು ನೋಡ್ಕೊಳ್ಳೋದರಲ್ಲಿ ಪಳಗಿದವಳು ಅಂದಿದ್ದೆಯಲ್ಲ, ಅವಳಿಗೆ ಹೇಳಿಡು. ಅವಳಿಗೆ ನೀರು ಬಿಸಿ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಖಾರದ ಪುಡಿ ಎಷ್ಟು ಹಾಕಬೇಕು ಅಂತ ಡಬ್ಬದ ಮೇಲೆ ಚೀಟಿ ಅಂಟಿಸಿದೀನಿ. ಬಟ್ಟೆ ಎಲ್ಲ ಅಮ್ಮನದು, ಅದಾದರೂ ಬರ್ತಿದೆ. ನಾನು ಬರದಿದ್ದರೆ ನಿನಗೆ ಬೇಜಾರಾಗುತ್ತೆ ಅಂತ ಗೊತ್ತು, ಬಂದು ಏನಾದರೂ ಆದರೆ ಆಗೋದಕ್ಕಿಂತ ಅದು ಕಮ್ಮಿ.

ದಿನೇಶನಿಗೂ ನಿನಗೂ ಹೊಟ್ಟೆಯಲ್ಲಿರೋದಕ್ಕೂ ಒಳ್ಳೇದಾಗಲಿ, ನೂರು ಕಾಲ ಬಾಳಿ. ಸೀನಿದರೂ ಗೋಡೆ ಹಿಡ್ಕೊಂಡು ಸೀನು ಅಂತ ಕೆಂಪಕ್ಕ ಹೇಳಿದಾಳೆ.

ಇಂತಿ ನಿನ್ನ ಅಪ್ಪ,
ಸಿದ್ದರಾಜು

ತಾ.ಕ.: ಸೋಮವಾರ ಬೆಳಗ್ಗೆ. ಜಯಸಿಂಹ ಗೇಟಿನ ಹತ್ತಿರ ಸ್ಕೂಟರ್ ಆಫ್ ಮಾಡದೆ ನಿಂತಿದಾನೆ, ಅಂಟಿಸಿದ ಕವರ್ ಬಿಚ್ಚಿ ಬರೀತಿದೀನಿ, ಅಕ್ಷರ ನೋಡಬೇಡ. ಕೆಂಪಕ್ಕ ಬೆಳಗ್ಗೆ ಬಂದವಳು ಏನೂ ಕೇಳದೆ ನನ್ನ ರಟ್ಟೆ ಹಿಡಿದು ಮೇಲಕ್ಕೆ ಕರ್ಕೊಂಡು ಹೋದಳು. ಮೇಘಶ್ರೀ "ಹೆದರ್ಕೋಬೇಡಿ ಅಂಕಲ್, ನಾನು ಮೊದಲನೇ ಸಲ ಇನ್ನೂ ಕೆಟ್ಟದಾಗಿ ಹಾಕಿದ್ದೆ" ಅಂದಳು. ಬಚ್ಚಲಲ್ಲಿ ಕೂತೆ, ಕಾಲು ಚಾಚಿದೆ, ಕೂಸನ್ನ ಮಲಗಿಸಿದರು. ಕಲ್ಲಂಗಡಿ ಸುಮ್ಮನಿರ್ತಿತ್ತು, ಇದು ನನ್ನ ಮುಖಾನೇ ನೋಡ್ತು. ನಾನು ಚೊಂಬು ಮುಟ್ಟಿರಲಿಲ್ಲ, ಅಷ್ಟರಲ್ಲೇ ಅದು ಉಚ್ಚೆ ಹೊಯ್ತು. ಮೊಣಕಾಲಿಂದ ಹಿಮ್ಮಡಿ ತನಕ ಇಳೀತು. ಬೆಚ್ಚಗಿತ್ತು ಮೈತ್ರಿ. ಎಲ್ಲಿಂದ ಎಲ್ಲಿವರೆಗೆ ಬೆಚ್ಚಗಿತ್ತು ಅಂತ ಈಗಲೂ ಗೆರೆ ಎಳೆದು ತೋರಿಸಬಲ್ಲೆ. ಆಮೇಲೆ ಬಕೆಟಿಗೆ ಮೊಣಕೈ ಅದ್ದಿದೆ, ಬಿಸಿ ಜಾಸ್ತಿಯಾಯ್ತು ಅಂದೆ. ಸರಿಯಾಗೇ ಇದೆಯಲ್ಲ ಅಂದಳು ಕೆಂಪಕ್ಕ. ಇಲ್ಲ, ಜಾಸ್ತೀನೇ, ಇನ್ನೊಂದು ಚೊಂಬು ತಣ್ಣೀರು ಹಾಕು ಅಂದೆ. ಹಾಕಿದಳು. ನಾನು ಅತ್ತುಬಿಟ್ಟೆ ಅಂತ ತಿಳ್ಕೋಬೇಡ, ಅಳು ಬರಲಿಲ್ಲ. ಆ ಹೆಂಗಸಿಗೆ ಬೇಡ ಅಂತ ಹೇಳು, ಗುರುವಾರ ವೀಸಾಗೆ ಹೋಗ್ತೀನಿ. ನಿಮ್ಮ ಬಚ್ಚಲಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತರೆ ಹಿಡಿಸುತ್ತಾ ಅಂತ ದಿನೇಶನ ಕೈಲಿ ಅಳೆಸಿ ತಿಳಿಸು. ನಾನು ಅವನಿಗಿಂತ ಸ್ವಲ್ಪ ಉದ್ದ.